ಯಾವ ‘ಆಯ್ತು’?

ಕನ್ನಡದ ‘ಆಯ್ತು’ ಎಂಬ ಮಾತಿಗೆ ಎರಡು ಮುಖ. ‘ಅಡುಗೆ ಆಯ್ತು’ ಎಂದರೆ ಎಲೆ ಹಾಕಬಹುದು, ಕೆಲಸ ಮುಗಿದಿದೆ. ‘ಬರುವಾಗ ತರಕಾರಿ ತಗೊಂಡು ಬಾ’ ಎಂದದ್ದಕ್ಕೆ ‘ಆಯ್ತು’ ಎಂದರೆ ಅದು ಬರೀ ಒಪ್ಪಿಗೆ, ತರಕಾರಿ ಇನ್ನೂ ಸಂತೆಯಲ್ಲೇ ಇದೆ. ‘ಬಂದೆ’ ಎನ್ನುವುದೂ ಹಾಗೆಯೇ. ಒಳಮನೆಯಿಂದ ‘ಬಂದೆ, ಬಂದೆ’ ಎಂದು ಕೂಗುವವರು ಇನ್ನೂ ಕೂತಲ್ಲಿಂದ ಎದ್ದಿರುವುದಿಲ್ಲ. ವ್ಯಾಕರಣ ಅದನ್ನು ಭೂತಕಾಲ ಎನ್ನುತ್ತದೆ, ಬಾಗಿಲಲ್ಲಿ ನಿಂತವರು ಭವಿಷ್ಯತ್ತೆಂದು ಅರ್ಥ ಮಾಡಿಕೊಳ್ಳುತ್ತಾರೆ, ಯಾರಿಗೂ ಮೋಸವಾಗುವುದಿಲ್ಲ. ಆದರೆ ಇದೇ ಇಬ್ಬಗೆಯ ಮಾತನ್ನು ನಾವು ಯಂತ್ರಗಳ ಬಾಯಲ್ಲೂ ಇಟ್ಟಿದ್ದೇವೆ. ರೂಟರ್, ಸೆಟ್‌ಟಾಪ್ ಬಾಕ್ಸ್, ಕಾರಿನ ಪರದೆಯಂಥ ಸಾಧನಗಳ ಒಳಗೆ ಒಂದು ಪ್ರೋಗ್ರಾಂ ‘ಇದನ್ನು ಬರೆದಿಡು’ ಎನ್ನುತ್ತದೆ, ವ್ಯವಸ್ಥೆ ಕೂಡಲೇ ‘ಆಯ್ತು’ ಎನ್ನುತ್ತದೆ. ಮರುಕ್ಷಣವೇ ಕರೆಂಟು ಹೋದರೆ ಬರೆದದ್ದು ಎಲ್ಲೂ ಇಲ್ಲದಿರಬಹುದು. ಹಾಗಾದರೆ ಯಂತ್ರ ಆಡಿದ್ದು ಯಾವ ‘ಆಯ್ತು’? ಇದು ತಂತ್ರಜ್ಞರಿಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ. ಒಂದು ಕ್ರಿಯೆ ಯಾವಾಗ ಪೂರ್ಣವಾಗುತ್ತದೆ, ಮಾಡಿದ ಗಳಿಗೆಗೂ ಅದು ಫಲವಾಗಿ ನಿಲ್ಲುವ ಗಳಿಗೆಗೂ ನಡುವೆ ಅದು ಎಲ್ಲಿರುತ್ತದೆ ಎಂದು ನಮ್ಮ ದಾರ್ಶನಿಕರು ಯಜ್ಞವನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ವಾದಿಸಿದ್ದಾರೆ. ಆ ವಾದವನ್ನೂ ಈ ಯಂತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ ಎಂಬುದು ಈ ಬರಹದ ವಾದ: ತಡಮಾಡಿ ಬರೆಯುವುದರಲ್ಲಿ ಸುಳ್ಳಿಲ್ಲ. ಒಪ್ಪಿಗೆಯ ‘ಆಯ್ತು’ವನ್ನು ಮುಕ್ತಾಯದ ‘ಆಯ್ತು’ ಎಂದು ದಾಟಿಸುವುದರಲ್ಲಿ ಸುಳ್ಳಿದೆ.

ಮೊದಲು, ಬರೆಯುವ ಹಲಗೆಯ ಸ್ವಭಾವ. ಫೈಲ್‌ಗೆ ಇವತ್ತು ನಾವು ‘ಕಡತ’ ಎನ್ನುತ್ತೇವೆ. ಹಿಂದೆ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆದು, ಬೇಡವಾದದ್ದನ್ನು ಒರೆಸಿ, ಅಲ್ಲೇ ಮತ್ತೆ ಬರೆಯಬಹುದಿತ್ತು. ತೋಷಿಬಾದ ಫುಜಿಯೊ ಮಸುವೊಕ 1984ರಲ್ಲಿ ಲೋಕದ ಮುಂದಿಟ್ಟ ಫ್ಲ್ಯಾಷ್ ಮೆಮೊರಿಯೂ ಒರೆಸಿ ಬರೆಯುವ ಮಾಧ್ಯಮವೇ, ಆದರೆ ಅದಕ್ಕೆ ಕಡತಕ್ಕಿಲ್ಲದ ಒಂದು ಷರತ್ತಿದೆ. ಒರೆಸಿದ ಫ್ಲ್ಯಾಷ್‌ನಲ್ಲಿ ಎಲ್ಲ ಬಿಟ್‌ಗಳೂ 1 ಆಗಿರುತ್ತವೆ. ಬರೆಯುವುದೆಂದರೆ ಕೆಲವು 1ಗಳನ್ನು 0 ಮಾಡುವುದು. ಒಮ್ಮೆ 0 ಆದದ್ದನ್ನು ಮತ್ತೆ 1 ಮಾಡಬೇಕೆಂದರೆ ಅದೊಂದನ್ನೇ ಒರೆಸಲಾಗದು, ಅದಿರುವ ಇಡೀ ಬ್ಲಾಕನ್ನು ಒರೆಸಬೇಕು. ಮಸುವೊಕ ಅವರ ತಂಡವೇ 1987ರಲ್ಲಿ ಹೊರತಂದ ನ್ಯಾಂಡ್ ಬಗೆಯಲ್ಲಿ ಸಾಮಾನ್ಯವಾದ ಒಂದು ಅಳತೆ ಹೀಗಿದೆ: ಬರೆಯುವ ಘಟಕವಾದ ಪುಟ 2,048 ಬೈಟ್, ಒರೆಸುವ ಘಟಕವಾದ ಬ್ಲಾಕ್ ಅಂಥ 64 ಪುಟಗಳದ್ದು, ಅಂದರೆ 128 ಕಿಲೋಬೈಟ್. ಪುಟ ಬರೆಯಲು ಸುಮಾರು 200 ಮೈಕ್ರೋಸೆಕೆಂಡ್ ಸಾಕು, ಬ್ಲಾಕ್ ಒರೆಸಲು ಅದರ ಹತ್ತುಪಟ್ಟು ಬೇಕು. ಒರೆಸಿದಷ್ಟೂ ಹಲಗೆ ಸವೆಯುತ್ತದೆ. ಕೋಶಕ್ಕೊಂದೇ ಬಿಟ್ ಇಡುವ ಗಟ್ಟಿ ಬಗೆಯ ಫ್ಲ್ಯಾಷ್ ಸುಮಾರು 1,00,000 ಸಲ ಒರೆಸುವುದನ್ನು ತಾಳಿಕೊಂಡರೆ, ಒಂದೇ ಕೋಶದಲ್ಲಿ ಹೆಚ್ಚು ಬಿಟ್ ತುರುಕುವ ಅಗ್ಗದ ಬಗೆ ಕೆಲವೇ ಸಾವಿರ ಸಲ ತಾಳುತ್ತದೆ. ಲೆಕ್ಕ ಹಾಕಿ: ಒಂದು ಬ್ಲಾಕನ್ನು ಸೆಕೆಂಡಿಗೊಮ್ಮೆ ಒರೆಸಿ ಬರೆಯುತ್ತ ಹೋದರೆ ಗಟ್ಟಿ ಬಗೆಯೂ 28 ಗಂಟೆಯೊಳಗೆ ತನ್ನ ಆಯುಸ್ಸು ಮುಗಿಸುತ್ತದೆ. 3,000 ಸಲದ ಬಗೆಗೆ 50 ನಿಮಿಷ ಸಾಕು. ಒಂದಕ್ಷರ ತಿದ್ದಲು ಊರನ್ನೇ ಒಕ್ಕಲೆಬ್ಬಿಸಬೇಕಾದ ಮಾಧ್ಯಮ ಇದು.

ಹೀಗಾಗಿ ಫ್ಲ್ಯಾಷ್ ಮೇಲೆ ಕೂರುವ ಕಡತ ವ್ಯವಸ್ಥೆಗಳು ಒಂದಲ್ಲ ಒಂದು ಬಗೆಯಲ್ಲಿ ಕೂಡಿಟ್ಟು ಬರೆಯುತ್ತವೆ. ಸ್ವೀಡನ್ನಿನ ಆಕ್ಸಿಸ್ ಕಂಪನಿಯ ಮೊದಲ ಆವೃತ್ತಿಯನ್ನು ಆಧರಿಸಿ ರೆಡ್‌ಹ್ಯಾಟ್‌ನ ಡೇವಿಡ್ ವುಡ್‌ಹೌಸ್ 2001ರಲ್ಲಿ ರೂಪಿಸಿದ ಜೆಎಫ್‌ಎಫ್‌ಎಸ್2 ಈ ವಿಷಯದಲ್ಲಿ ಬಲು ಸಂಕೋಚದ್ದು. ಹೇಳಿದ್ದನ್ನು ಬಹುಮಟ್ಟಿಗೆ ಆಗಲೇ ಬರೆದುಬಿಡುತ್ತದೆ. ನ್ಯಾಂಡ್‌ನಲ್ಲಿ ಪುಟಕ್ಕಿಂತ ಕಡಿಮೆ ಬರೆಯಲಾಗದ ಕಾರಣ ಒಂದು ಪುಟದಷ್ಟನ್ನು ಮಾತ್ರ ಕೈಯಲ್ಲಿ ಹಿಡಿದಿರುತ್ತದೆ. ನೋಕಿಯಾದ ಎಂಜಿನಿಯರುಗಳು ಹಂಗೇರಿಯ ಸೆಗೆಡ್ ವಿಶ್ವವಿದ್ಯಾಲಯದ ಜೊತೆಗೂಡಿ ಕಟ್ಟಿದ, 2008ರಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ 2.6.27ನೇ ಆವೃತ್ತಿಯ ಜೊತೆ ಬಂದ ಯುಬಿಐಎಫ್‌ಎಸ್‌ಗೆ ಧೈರ್ಯ ಹೆಚ್ಚು. ಅಲ್ಲಿ ಬರೆದದ್ದು ಮೊದಲು ರ‍್ಯಾಮ್‌ನಲ್ಲಿರುವ ಲಿನಕ್ಸ್‌ನ ಪುಟಸಂಗ್ರಹದಲ್ಲಿ ಕೂರುತ್ತದೆ. ಮೊದಲೇ ಗೊತ್ತುಮಾಡಿದ ಹೊತ್ತನ್ನು ಯಾರೂ ಬದಲಿಸದಿದ್ದರೆ ಲಿನಕ್ಸ್ 5 ಸೆಕೆಂಡಿಗೊಮ್ಮೆ ಎದ್ದು ನೋಡಿ, 30 ಸೆಕೆಂಡು ದಾಟಿ ಕಾದಿರುವುದನ್ನು ಕೆಳಕ್ಕೆ ಕಳಿಸುತ್ತದೆ. ಕೆಳಗೆ ಯುಬಿಐಎಫ್‌ಎಸ್ ತನ್ನದೇ ಒಂದು ಪುಟ್ಟ ಬಫರ್ ಇಟ್ಟುಕೊಂಡಿದೆ. ಅದು ತುಂಬುವ ತನಕ ಅಥವಾ ಗಡಿಯಾರ ಬಡಿಯುವ ತನಕ ಅಕ್ಷರಗಳು ಅಲ್ಲಿ ಕಾಯುತ್ತವೆ. ಆರಂಭದ ಆವೃತ್ತಿಗಳಲ್ಲಿ ಆ ಗಡಿಯಾರ 3ರಿಂದ 5 ಸೆಕೆಂಡಿನದು. ಬರಿಯ ಫ್ಲ್ಯಾಷ್ ಚಿಪ್ಪಿನ ಬದಲು ಇಎಂಎಂಸಿ ಅಥವಾ ಎಸ್‌ಡಿ ಕಾರ್ಡ್ ಇದ್ದರೆ, ಅದರೊಳಗಿನ ನಿಯಂತ್ರಕವೂ ತನ್ನ ಮಡಿಲಲ್ಲಿ ಒಂದಿಷ್ಟನ್ನು ಕಟ್ಟಿಕೊಂಡಿರಬಹುದು. ಹೊಲದಿಂದ ಬಂದ ಧಾನ್ಯ ಜಗಲಿ, ಪಡಸಾಲೆ, ನಡುಮನೆ ದಾಟಿ ಉಗ್ರಾಣ ಸೇರುವ ಹಾಗೆ. ಪ್ರೋಗ್ರಾಂಗೆ ‘ಆಯ್ತು’ ಎಂಬ ಉತ್ತರ ಸಿಗುವುದು ಜಗಲಿಯಲ್ಲೇ.

ಜಗಲಿಗೂ ಉಗ್ರಾಣಕ್ಕೂ ನಡುವಿನ ಈ ಹೊತ್ತು, ವೇದವಿಧಿಗಳ ಅರ್ಥವನ್ನು ವಿಚಾರಿಸುವ ದಾರ್ಶನಿಕರಾದ ಮೀಮಾಂಸಕರಿಗೆ ಬಹುದೊಡ್ಡ ತಲೆನೋವಾಗಿತ್ತು. ಸ್ವರ್ಗ ಬೇಕೆಂಬವನು ಯಜ್ಞ ಮಾಡಬೇಕೆಂದು ವೇದ ವಿಧಿಸುತ್ತದೆ. ಯಜ್ಞವೋ ಒಂದು ಕ್ರಿಯೆ. ಹವಿಸ್ಸು ಬೆಂಕಿಗೆ ಬಿತ್ತು, ಮಂತ್ರ ನಿಂತಿತು, ಅಲ್ಲಿಗೆ ಅದು ಇಲ್ಲವಾಯಿತು. ಸ್ವರ್ಗವಾದರೋ ಯಜಮಾನ ಸತ್ತ ಮೇಲಿನ ಮಾತು. ಕಾರಣ ಅಳಿದುಹೋಗಿ ವರ್ಷಗಳಾದ ಮೇಲೆ ಕಾರ್ಯ ಹುಟ್ಟುವುದು ಹೇಗೆ? ಒಂದೋ ವೇದದ ಮಾತು ಸುಳ್ಳು, ಇಲ್ಲವೇ ನಡುವೆ ಏನೋ ಒಂದು ಉಳಿದಿರಬೇಕು. ಜೈಮಿನಿಯ ಸೂತ್ರಗಳಿಗೆ ಭಾಷ್ಯ ಬರೆದ ಶಬರರೂ ಏಳನೆಯ ಶತಮಾನದ ಕುಮಾರಿಲ ಭಟ್ಟರೂ ಆ ಉಳಿದದ್ದನ್ನು ‘ಅಪೂರ್ವ’ ಎಂದು ಕರೆದರು. ಕ್ರಿಯೆಗೆ ಮುಂಚೆ ಇಲ್ಲದ್ದು, ಕ್ರಿಯೆಯಿಂದ ಹುಟ್ಟಿದ್ದು, ಫಲ ಬರುವ ತನಕ ಮಾಡಿದವನಲ್ಲಿ ಕಾದಿರುವ ಒಂದು ಶಕ್ತಿ. ಅವರು ಇಷ್ಟಕ್ಕೇ ನಿಲ್ಲಲಿಲ್ಲ. ದರ್ಶಪೂರ್ಣಮಾಸ ಎಂಬ ಯಾಗದಲ್ಲಿ ಹುಣ್ಣಿಮೆಗೆ ಮೂರು, ಅಮಾವಾಸ್ಯೆಗೆ ಮೂರು ಪ್ರಧಾನ ಯಾಗಗಳಿವೆ. ಎರಡರ ನಡುವೆ ಪಕ್ಷದ ಅಂತರ. ಫಲ ಮಾತ್ರ ಒಟ್ಟಿಗೆ ಒಂದೇ. ಆಗ ಪ್ರತಿಯೊಂದು ಯಾಗವೂ ತನ್ನದೊಂದು ಉತ್ಪತ್ತ್ಯಪೂರ್ವವನ್ನು ಹುಟ್ಟಿಸುತ್ತದೆ, ಹುಣ್ಣಿಮೆಯ ಮೂರು ಸೇರಿ ಒಂದು ಸಮುದಾಯಾಪೂರ್ವ, ಅಮಾವಾಸ್ಯೆಯ ಮೂರು ಸೇರಿ ಇನ್ನೊಂದು, ಎರಡೂ ಕೂಡಿದಾಗಲಷ್ಟೇ ಫಲ ಕೊಡುವ ಪರಮಾಪೂರ್ವ ಎಂದು ಅವರು ಲೆಕ್ಕ ಹಾಕಿದರು. ಅರ್ಧದಲ್ಲಿ ನಿಂತ ಯಾಗ ಅರ್ಧ ಸ್ವರ್ಗ ಕೊಡುವುದಿಲ್ಲ. ಬಿಡಿ ಬಿಡಿಯಾಗಿ ನಡೆದ ಕ್ರಿಯೆಗಳನ್ನು ಒಂದೇ ಕ್ರಿಯೆಯಾಗಿ ಎಣಿಸಬೇಕಾದರೆ ಅವುಗಳ ಶೇಷ ಎಲ್ಲೋ ಕೂಡಿಕೊಳ್ಳುತ್ತಿರಬೇಕು, ಕೂಡಿಕೊಂಡದ್ದು ಪೂರ್ಣವಾಯಿತೆಂದು ಹೇಳಬಲ್ಲ ಒಂದು ಗೆರೆಯೂ ಇರಬೇಕು.

ಅಂಥ ಗೆರೆಯನ್ನೇ ಕಡತ ವ್ಯವಸ್ಥೆಗಳೂ ಎಳೆಯುತ್ತವೆ. ಅಂಗಡಿಯ ಲೆಕ್ಕ ಮೊದಲು ಕಿರ್ದಿಗೆ ಏರಿ ಆಮೇಲೆ ಖಾತೆಗೆ ಹೋಗುವಂತೆ, ಯುಬಿಐಎಫ್‌ಎಸ್‌ನಲ್ಲಿ ಹೊಸ ಬರಹ ಮೊದಲು ಫ್ಲ್ಯಾಷ್ ಮೇಲಿನ ಕಿರ್ದಿಗೆ ಬೀಳುತ್ತದೆ, ಯಾವ ತುಣುಕು ಎಲ್ಲಿದೆ ಎಂಬ ಸೂಚಿಯನ್ನು ಆಗಾಗ ಒಟ್ಟಾಗಿ ತಿದ್ದಲಾಗುತ್ತದೆ. ನಡುವೆ ಕರೆಂಟು ಹೋದರೆ ಮರಳಿ ಎದ್ದಾಗ ಕಿರ್ದಿಯನ್ನು ಓದಿ ಲೆಕ್ಕ ಕೂಡಿಸಿಕೊಳ್ಳುತ್ತದೆ. ಸಣ್ಣ ಮೈಕ್ರೋಕಂಟ್ರೋಲರುಗಳಿಗೆಂದು ಆರ್ಮ್ ಸಂಸ್ಥೆಯ ಎಂಬೆಡ್ ಯೋಜನೆಯಿಂದ 2017ರಲ್ಲಿ ಬಂದ ಲಿಟಲ್‌ಎಫ್‌ಎಸ್‌ನಲ್ಲಿ ಕಡತವನ್ನು ಮುಚ್ಚುವ ಅಥವಾ ‘ಸಿಂಕ್ ಮಾಡು’ ಎನ್ನುವ ತನಕ ಹೊಸದು ಲೆಕ್ಕಕ್ಕೇ ಇಲ್ಲ, ಹಳೆಯದೇ ಸತ್ಯ. ಹೋಲಿಕೆ ಇಲ್ಲಿಯ ತನಕ ಸರಿ. ಆದರೆ ಅಪೂರ್ವಕ್ಕೂ ಬಫರಿಗೂ ಒಂದು ದೊಡ್ಡ ವ್ಯತ್ಯಾಸವಿದೆ, ಈ ಬರಹದ ವಾದ ನಿಂತಿರುವುದು ಅದರ ಮೇಲೆಯೇ. ಮೀಮಾಂಸಕರ ಅಪೂರ್ವವನ್ನು ಕರೆಂಟು ಹೋಗಿ ಅಳಿಸಲಾಗದು. ಸಾವನ್ನೂ ದಾಟುತ್ತದೆ ಎಂದು ಸಾಧಿಸಲೆಂದೇ ಅದನ್ನು ಒಪ್ಪಿಕೊಂಡದ್ದು. ರ‍್ಯಾಮ್‌ನಲ್ಲಿ ಕಾಯುವ ಬರಹವಾದರೋ ಆ ಒಂದು ಸಾವನ್ನೇ ದಾಟಲಾರದು. ಆದ್ದರಿಂದ ಬಫರಿನಲ್ಲಿರುವುದನ್ನು ‘ಆದ ಕೆಲಸದ ಶೇಷ’ ಎನ್ನಲಾಗದು, ‘ಆಗಬೇಕಾದ ಕೆಲಸದ ಮಾತು’ ಎನ್ನಬೇಕು. ಅದು ಕೊಟ್ಟ ಮಾತು, ಸಾಲ. ಸಾಲ ಮಾಡುವುದು ತಪ್ಪಲ್ಲ. ಸಾಲದ ಹಣವನ್ನು ಆಸ್ತಿಯ ಪಟ್ಟಿಯಲ್ಲಿ ತೋರಿಸುವುದು ತಪ್ಪು.

ಸಾಲ ಹೊತ್ತವನು ಪ್ರಾಮಾಣಿಕನೇ ಎಂದು ತಿಳಿಯಲು ಅವನ ನಡೆ ನೋಡುತ್ತೇವೆ. ಯುಬಿಐಎಫ್‌ಎಸ್‌ನ ಒಂದು ನಡೆ ಇಲ್ಲಿ ಗಮನಾರ್ಹ. ಬರೆದದ್ದನ್ನು ಅದು ಹಿಂಡಿ ಚಿಕ್ಕದು ಮಾಡಿ ಇಡುತ್ತದೆ, ಆದರೆ ಎಷ್ಟು ಚಿಕ್ಕದಾಗುತ್ತದೆ ಎಂಬುದು ನಿಜವಾಗಿ ಬರೆಯುವ ತನಕ ಗೊತ್ತಾಗದು. ಜಗಲಿಯಲ್ಲಿ ‘ಆಯ್ತು’ ಎಂದು ಒಪ್ಪಿಕೊಂಡು, ಅರ್ಧ ನಿಮಿಷದ ಮೇಲೆ ಉಗ್ರಾಣದಲ್ಲಿ ಜಾಗವಿಲ್ಲ ಎಂದರೆ ಕೇಳುವವರು ಯಾರು? ಅಷ್ಟು ಹೊತ್ತಿಗೆ ಬರೆಸಿದ ಪ್ರೋಗ್ರಾಂ ಮುಗಿದು ಹೋಗಿರಬಹುದು. ಅದಕ್ಕೇ ಅದು ಪ್ರತಿ ಮಾತು ಕೊಡುವ ಮುನ್ನ ಒಂದು ಬಜೆಟ್ ಹಾಕುತ್ತದೆ. ಏನೂ ಚಿಕ್ಕದಾಗುವುದಿಲ್ಲ, ಎಲ್ಲ ಪ್ರತಿಕೂಲವಾಗಿಯೇ ನಡೆಯುತ್ತದೆ ಎಂದು ಎಣಿಸಿ ಅಷ್ಟು ಜಾಗವನ್ನು ಕಾದಿರಿಸಿದ ಮೇಲೇ ಒಪ್ಪಿಗೆ. ಜಾಗ ಸಾಲದಿದ್ದರೆ ಆಗಲೇ, ಮುಖಕ್ಕೇ, ‘ಆಗುವುದಿಲ್ಲ’ ಎಂಬ ಉತ್ತರ. ಎರಡನೆಯ ನಡೆ, ಹೊಸದು ಪೂರ್ತಿ ನಿಲ್ಲುವ ತನಕ ಹಳೆಯದನ್ನು ಅಳಿಸದಿರುವುದು. ಮೂರನೆಯದು, ‘ನಿಜವಾಗಿ ಆಯಿತೇ?’ ಎಂದು ಕೇಳುವವರಿಗೆ ಎಫ್‌ಸಿಂಕ್ ಎಂಬ ಬಾಗಿಲನ್ನು ತೆರೆದಿಡುವುದು. ಅಲ್ಲಿ ಕೇಳಿದವರು ಕಾಯಬೇಕು, ಕಾದ ಮೇಲೆ ಬರುವ ‘ಆಯ್ತು’ ಮುಕ್ತಾಯದ ‘ಆಯ್ತು’ ಆಗಿರಬೇಕು. ಕೈಲಾಗುವಷ್ಟನ್ನೇ ಒಪ್ಪಿಕೊಳ್ಳುವುದು, ಒಪ್ಪಿದ್ದು ಪೂರೈಸುವ ತನಕ ಇದ್ದದ್ದನ್ನು ಕೆಡಿಸದಿರುವುದು, ಕೇಳಿದಾಗ ಇದ್ದ ಸ್ಥಿತಿಯನ್ನೇ ಹೇಳುವುದು: ಮಾತು ಕೊಟ್ಟ ಮನುಷ್ಯನಿಂದಲೂ ನಾವು ಬಯಸುವುದು ಈ ಮೂರನ್ನೇ.

ಇಲ್ಲಿ ಒಂದು ಸರಳ ಆಕ್ಷೇಪ ಏಳುತ್ತದೆ. ಇಷ್ಟೆಲ್ಲ ಸಾಲ-ಸೋಲದ ಗೊಡವೆ ಏಕೆ? ಹೇಳಿದ್ದನ್ನು ಹೇಳಿದ ಕೂಡಲೇ ಬರೆದುಬಿಟ್ಟರೆ ನುಡಿಗೂ ನಡೆಗೂ ಅಂತರವೇ ಇರುವುದಿಲ್ಲವಲ್ಲ? ನೀತಿಯ ದೃಷ್ಟಿಯಿಂದ ಆಕರ್ಷಕ ಮಾತು, ಆದರೆ ಹಲಗೆ ಅದನ್ನು ತಾಳುವುದಿಲ್ಲ. ಸೆಕೆಂಡಿಗೆ 16 ಬೈಟ್‌ನ ಒಂದು ದಾಖಲೆ ಬರೆಯುವ ಸಾಧನವನ್ನು ಎಣಿಸಿ. ಪ್ರತಿಯೊಂದನ್ನೂ ಕೂಡಲೇ ಬರೆದರೆ 16 ಬೈಟ್‌ಗೆ 2,048 ಬೈಟ್‌ನ ಪುಟವೊಂದು ಖರ್ಚು. 128 ದಾಖಲೆ ಕೂಡಿಸಿ ಬರೆದರೆ ಅದೇ ಒಂದು ಪುಟ ಎಲ್ಲಕ್ಕೂ ಸಾಕು, ಸವೆತ 128ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬದಲಿಗೆ ತೆರಬೇಕಾದ ಬೆಲೆ, ಕರೆಂಟು ಹೋದರೆ ಹೆಚ್ಚೆಂದರೆ 2 ನಿಮಿಷ 8 ಸೆಕೆಂಡಿನ ದಾಖಲೆ. ಹಲಗೆಯ ಸವೆತವನ್ನು ಲೆಕ್ಕಿಸದೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ಬಹಿರಂಗ ಸಾಕ್ಷ್ಯವಿದೆ. ಟೆಸ್ಲಾ ಕಂಪನಿ 2021ರಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ವಾಪಸು ಕರೆಸಿತು. ಅವುಗಳ ನಡುಪರದೆಯನ್ನು ನಡೆಸುವ ಘಟಕದಲ್ಲಿದ್ದ 8 ಗಿಗಾಬೈಟ್‌ನ ಇಎಂಎಂಸಿ ಬರೆದು ಒರೆಸಿ, ಬರೆದು ಒರೆಸಿ ತನ್ನ 3,000 ಸುತ್ತುಗಳ ಆಯುಸ್ಸು ಮುಗಿಸುತ್ತಿತ್ತು. ಅದು ಸತ್ತರೆ ಹಿಂಬದಿ ಕ್ಯಾಮೆರಾದ ಚಿತ್ರವೂ ಗಾಜಿನ ಮಂಜು ಕರಗಿಸುವ ನಿಯಂತ್ರಣವೂ ಕೈತಪ್ಪುತ್ತಿದ್ದವು. ಏನನ್ನೂ ಮರೆಯಬಾರದೆಂದು ಎಡೆಬಿಡದೆ ಬರೆಯುವ ನೆನಪು ಕೊನೆಗೆ ನೆನಪಿಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಬರೆಯುವವನಿಗೆ ಸತ್ಯದ ಋಣವಿರುವಂತೆ ಬರೆಸಿಕೊಳ್ಳುವ ಹಲಗೆಯ ಋಣವೂ ಇದೆ. ತಡಮಾಡುವುದು ಆ ಎರಡನೆಯ ಋಣದ ಸಂದಾಯ.

ಎರಡನೆಯ ಆಕ್ಷೇಪ ಶಬ್ದಾರ್ಥದ ಕಡೆಯಿಂದ ಬರುತ್ತದೆ. ಸುಳ್ಳು ಎನ್ನಬೇಕಾದರೆ ಮಾತಿನ ಅರ್ಥ ಮೊದಲೇ ಗೊತ್ತಿರಬೇಕು. ‘ರೈಟ್’ ಎಂಬ ಆದೇಶಕ್ಕೆ ‘ಆಯ್ತು’ ಎಂದರೆ ಒಪ್ಪಿಗೆ ಮಾತ್ರ ಎಂದು ಗ್ರಂಥದಲ್ಲೇ ಬರೆದಿರುವಾಗ ಮೋಸ ಎಲ್ಲಿ ಬಂತು? 2009ರಲ್ಲಿ ಲಿನಕ್ಸ್ ಲೋಕದಲ್ಲಿ ನಡೆದ ಜಗಳದ ತಿರುಳು ಇದೇ. ಹಳೆಯ ಕಡತವನ್ನು ತಿದ್ದುವ ಪ್ರೋಗ್ರಾಂಗಳಿಗೆ ಒಂದು ರೂಢಿಯಿತ್ತು. ಹೊಸದನ್ನು ಬೇರೆ ಹೆಸರಿನಲ್ಲಿ ಬರೆದು, ಆಮೇಲೆ ಆ ಹೆಸರನ್ನು ಹಳೆಯದರ ಮೇಲೆ ಕೂರಿಸುವುದು. ಆಗ ತಾನೇ ಬಂದಿದ್ದ ಎಕ್ಸ್‌ಟಿ4 ವ್ಯವಸ್ಥೆ ಹೆಸರಿನ ಬದಲಾವಣೆಯನ್ನು ಬೇಗ ಇಳಿಸಿ ಒಳಗಿನ ಬರಹವನ್ನು ತಡವಾಗಿ ಇಳಿಸುತ್ತಿತ್ತು. ನಡುವೆ ಯಂತ್ರ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ, ಸೊನ್ನೆ ಬೈಟ್‌ನ ಖಾಲಿ ಕಡತ. ಎಕ್ಸ್‌ಟಿ4ರ ಮುಖ್ಯ ನಿರ್ಮಾತೃ ಥಿಯೊಡೋರ್ ತ್ಸೋ ಅವರ ವಾದ, ಎಫ್‌ಸಿಂಕ್ ಕೇಳದವರಿಗೆ ಪೊಸಿಕ್ಸ್ ಎಂಬ ಮಾನಕ ಗ್ರಂಥ ಯಾವ ಭರವಸೆಯನ್ನೂ ಕೊಟ್ಟಿಲ್ಲ ಎಂಬುದು. ಎದುರು ಪಕ್ಷದವರು ಕೇಳಿದ್ದು ‘ಕೂಡಲೇ ಬರೆ’ ಎಂದಲ್ಲ, ‘ಹಳೆಯದೋ ಹೊಸದೋ ಎರಡರಲ್ಲಿ ಒಂದು ಉಳಿಯಲಿ’ ಎಂದು. ಮೀಮಾಂಸಕರು ಇದನ್ನು ಶಬ್ದದ ನೇರ ಅರ್ಥಕ್ಕೂ ತಾತ್ಪರ್ಯಕ್ಕೂ ನಡುವಿನ ಜಗಳ ಎನ್ನುತ್ತಿದ್ದರು. ಅಕ್ಷರ ತ್ಸೋ ಅವರ ಪರವಾಗಿತ್ತು, ಬಳಕೆಯ ತಾತ್ಪರ್ಯ ಅವರ ವಿರುದ್ಧವಾಗಿತ್ತು. ಅವರೇ ಕೊನೆಗೆ ಗ್ರಂಥವನ್ನು ಸಮರ್ಥಿಸುತ್ತಲೇ ಆ ರೂಢಿಯನ್ನು ಕಾಯುವ ತಿದ್ದುಪಡಿಗಳನ್ನೂ ಸೇರಿಸಿದರು. ಅದರಿಂದ ತಿಳಿಯುವುದಿಷ್ಟು: ಒಪ್ಪಂದದ ಸಣ್ಣಕ್ಷರ ಮಾತಾಡಿದವನನ್ನು ನ್ಯಾಯಾಲಯದಲ್ಲಿ ಕಾಯಬಹುದು, ನಂಬಿಕೆಯ ಲೆಕ್ಕದಲ್ಲಿ ಕಾಯುವುದಿಲ್ಲ. ಕೇಳಿದವರು ಸಕಾರಣವಾಗಿ ಏನು ತಿಳಿದುಕೊಳ್ಳುತ್ತಾರೆಂದು ಬಲ್ಲವನು ಆ ತಿಳಿವಳಿಕೆಗೂ ಬಾಧ್ಯನೇ.

ಇದಕ್ಕಿಂತ ಆಳದ ಆಕ್ಷೇಪ ಪ್ರಮಾಣದ ಬಗ್ಗೆ. ಮುಕ್ತಾಯದ ‘ಆಯ್ತು’ ನಿಜವೆಂದು ತಿಳಿಯುವುದು ಹೇಗೆ? ಬರೆದದ್ದನ್ನು ಮತ್ತೆ ಓದಿ ನೋಡಿದರಾಯಿತು ಎನ್ನಬಹುದು. ಆದರೆ ಓದಲು ಕೇಳಿದಾಗ ವ್ಯವಸ್ಥೆ ಫ್ಲ್ಯಾಷ್ ತನಕ ಹೋಗದೆ ರ‍್ಯಾಮ್‌ನಲ್ಲಿ ಕಾಯುತ್ತಿರುವ ಪ್ರತಿಯನ್ನೇ ತೋರಿಸುತ್ತದೆ. ಜಗಲಿಯಲ್ಲಿರುವ ಮೂಟೆಯನ್ನೇ ತೋರಿಸಿ ಉಗ್ರಾಣ ತುಂಬಿದೆ ಎಂದಂತೆ. ಜ್ಞಾನದ ಪ್ರಾಮಾಣ್ಯ ತನ್ನಿಂದಲೇ ಬರುತ್ತದೆ, ಬಾಧಕ ಕಾಣುವ ತನಕ ಅದನ್ನು ನಂಬಬೇಕು ಎಂಬುದು ಮೀಮಾಂಸಕರ ಸ್ವತಃಪ್ರಾಮಾಣ್ಯ ವಾದ. ನ್ಯಾಯದರ್ಶನದವರಾದ ನೈಯಾಯಿಕರು ಒಪ್ಪಲಿಲ್ಲ. ದೂರದಲ್ಲಿ ನೀರು ಕಂಡಿತು. ಕಂಡದ್ದೇ ನೀರಿದೆ ಎಂಬುದಕ್ಕೆ ಸಾಕ್ಷಿಯಾಗದು, ಬಿಸಿಲ್ಗುದುರೆಯೂ ಹಾಗೇ ಕಾಣುತ್ತದೆ. ಹೋಗಿ ಕುಡಿದಾಗ ಬಾಯಾರಿಕೆ ತೀರಿದರೆ ಆ ಜ್ಞಾನ ನಿಜ. ವಾತ್ಸ್ಯಾಯನರ ನ್ಯಾಯಭಾಷ್ಯ ಶುರುವಾಗುವುದೇ ಈ ಸಫಲ ಪ್ರವೃತ್ತಿಯ ಮಾತಿನಿಂದ. ಫ್ಲ್ಯಾಷ್ ವಿಷಯದಲ್ಲಿ ಯಂತ್ರಶಾಸ್ತ್ರ ನಿಂತಿರುವುದು ನೈಯಾಯಿಕರ ಪಕ್ಷದಲ್ಲಿ. ಬಾಯಾರಿಕೆ ತೀರುವ ಪರೀಕ್ಷೆ ಇಲ್ಲಿ ಒಂದೇ: ನಡುವೆ ಕರೆಂಟು ಕಿತ್ತು, ಮತ್ತೆ ಎಬ್ಬಿಸಿ, ಏನುಳಿದಿದೆ ಎಂದು ನೋಡುವುದು. 2013ರಲ್ಲಿ ಪ್ರಕಟವಾದ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಪ್ರಯೋಗಾಲಯದ ಸಂಶೋಧಕರ ಅಧ್ಯಯನವೊಂದು ಇದನ್ನೇ ಮಾಡಿತು. ಫ್ಲ್ಯಾಷ್‌ನಿಂದ ಕಟ್ಟಿದ 15 ಎಸ್‌ಎಸ್‌ಡಿಗಳ ಕರೆಂಟನ್ನು ಮತ್ತೆ ಮತ್ತೆ ಕಿತ್ತಾಗ 13ರಲ್ಲಿ ದೋಷ ಕಂಡುಬಂತು. ‘ಆಯ್ತು’ ಎಂದು ಮುಗಿಸಿದ ಬರಹವೂ ಕಳೆದುಹೋದ ಉದಾಹರಣೆಗಳು ಅವುಗಳಲ್ಲಿದ್ದವು. ಹೇಳಿದವನು ಎದುರಿಗೆ ಇರುವ ತನಕ ಮಾತಿನ ಸತ್ಯ ಪರೀಕ್ಷೆಗೆ ಒಳಗಾಗುವುದೇ ಇಲ್ಲ. ಅವನಿಲ್ಲದಾಗ ಉಳಿದದ್ದು ಎಷ್ಟೋ, ಮಾಡಿದ್ದೂ ಅಷ್ಟೇ.

ಹಾಗೆಂದರೆ ಅನವಸ್ಥೆ ಬರುವುದಿಲ್ಲವೇ? ಪ್ರೋಗ್ರಾಂ ಲಿನಕ್ಸನ್ನು ನಂಬಬೇಕು, ಲಿನಕ್ಸ್ ನಿಯಂತ್ರಕವನ್ನು, ನಿಯಂತ್ರಕ ಕೋಶದಲ್ಲಿ ಕೂಡಿದ ವಿದ್ಯುದಾವೇಶವನ್ನು. ಪರೀಕ್ಷೆ ಮಾಡುವ ಯಂತ್ರವನ್ನು ಪರೀಕ್ಷಿಸುವವರು ಯಾರು? ಸಂದೇಹಕ್ಕೆ ಕೊನೆಯಿಲ್ಲದಿದ್ದರೆ ಬದುಕಲಾಗದು. ನ್ಯಾಯಕುಸುಮಾಂಜಲಿಯಲ್ಲಿ ಉದಯನಾಚಾರ್ಯರು ಇಂಥ ಸಂದೇಹಿಗೆ ಕೊಟ್ಟ ಉತ್ತರ ಇಲ್ಲಿಗೂ ಒಪ್ಪುತ್ತದೆ. ಸಂದೇಹ ನಿಲ್ಲಬೇಕಾದದ್ದು ಅದು ನಮ್ಮ ನಡೆಗೇ ವಿರುದ್ಧವಾಗುವಲ್ಲಿ. ಹಸಿವಿಗೆ ಅನ್ನ ಉಣ್ಣುತ್ತಲೇ, ಅನ್ನದಿಂದ ಹಸಿವು ತೀರುವುದೇ ಎಂದು ಶಂಕಿಸುವವನ ಶಂಕೆ ಬರಿಯ ಮಾತು. ಎಂಜಿನಿಯರ್ ಕೂಡ ಪ್ರತಿ ಪರಮಾಣುವನ್ನು ಶಂಕಿಸುತ್ತ ಕೂರುವುದಿಲ್ಲ. ತಾನು ಏನನ್ನು ಪಣವಾಗಿ ಇಟ್ಟಿದ್ದೇನೆ ಎಂಬುದರ ಮೇಲೆ ಶಂಕೆಯ ಆಳವನ್ನು ಗೊತ್ತುಮಾಡುತ್ತಾನೆ. ಸಂಗೀತದ ಪೆಟ್ಟಿಗೆಯಲ್ಲಿ ಕೊನೆಗೆ ಕೇಳಿದ ಹಾಡು ಯಾವುದೆಂಬುದು 30 ಸೆಕೆಂಡು ಜಗಲಿಯಲ್ಲಿ ಕಾದರೆ ನಷ್ಟವಿಲ್ಲ. ರೋಗಿಗೆ ಮದ್ದು ಹರಿಸುವ ಪಂಪು ಎಷ್ಟು ಹರಿಸಿದೆ ಎಂಬ ಲೆಕ್ಕಕ್ಕೆ ಆ 30 ಸೆಕೆಂಡು ಬಹಳ. ಆದ್ದರಿಂದ ‘ಕ್ರಿಯೆ ಯಾವಾಗ ಪೂರ್ಣ?’ ಎಂಬುದಕ್ಕೆ ಎಲ್ಲ ಕ್ರಿಯೆಗೂ ಒಪ್ಪುವ ಒಂದೇ ಗಳಿಗೆಯನ್ನು ಹುಡುಕುವುದು ವ್ಯರ್ಥ. ಅದನ್ನು ನಂಬಿ ಮುಂದಿನ ಹೆಜ್ಜೆ ಇಡುವವರಿಗೆ ಎಷ್ಟು ಗಟ್ಟಿ ನೆಲ ಬೇಕೋ ಅಷ್ಟು ಗಟ್ಟಿಯಾದಾಗ ಪೂರ್ಣ.

ಪೂರ್ಣವೂ ಅಲ್ಲದ, ಅಪೂರ್ಣವೂ ಅಲ್ಲದ ಒಂದು ಸ್ಥಿತಿಯೂ ಫ್ಲ್ಯಾಷ್‌ನಲ್ಲಿದೆ, ಅಪಾಯ ಹೆಚ್ಚು ಅಲ್ಲಿಯೇ. ಬರೆಯುತ್ತಿರುವಾಗಲೋ ಒರೆಸುತ್ತಿರುವಾಗಲೋ ಕರೆಂಟು ಹೋದರೆ ಕೆಲವು ಕೋಶಗಳಲ್ಲಿ ಆವೇಶ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಓದಿದರೆ ಒಮ್ಮೆ 0, ಒಮ್ಮೆ 1. ಇವತ್ತು ಸರಿಯಾಗಿ ಓದಿಸಿಕೊಂಡದ್ದು ನಾಳೆ ತಪ್ಪಾಗಬಹುದು. ಜೈನರ ಸಪ್ತಭಂಗಿಯಲ್ಲಿ ‘ಇದೆ’, ‘ಇಲ್ಲ’ ಎರಡನ್ನೂ ಏಕಕಾಲಕ್ಕೆ ಹೇಳಲಾಗದ ‘ಅವಕ್ತವ್ಯ’ ಎಂಬ ಸ್ಥಾನವೊಂದಿದೆ. ಈ ಬಿಟ್‌ಗಳಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಕೋಶಕ್ಕೆ ಎರಡು ಬಿಟ್ ಇಡುವ ಬಗೆಯಲ್ಲಂತೂ ಇನ್ನೊಂದು ಕೇಡಿದೆ. ಒಂದೇ ಕೋಶವನ್ನು ಎರಡು ಪುಟಗಳು ಹಂಚಿಕೊಂಡಿರುವುದರಿಂದ, ಹೊಸ ಪುಟ ಅರ್ಧಕ್ಕೆ ನಿಂತರೆ ಎಂದೋ ಸರಿಯಾಗಿ ಬರೆದು ಮುಗಿಸಿದ ಹಳೆಯ ಪುಟವೂ ಕೆಡಬಹುದು. ಅರೆಗೆಲಸ ಹಿಂದಿನ ಪೂರ್ಣ ಕೆಲಸವನ್ನೂ ತಿನ್ನುತ್ತದೆ. ಇದಕ್ಕೆ ಪ್ರಾಮಾಣಿಕ ವ್ಯವಸ್ಥೆಗಳು ಕಂಡುಕೊಂಡ ಮದ್ದು ಸರಳ: ಕರೆಂಟು ಹೋದ ಗಳಿಗೆಯಲ್ಲಿ ಕೈಯಾಡುತ್ತಿದ್ದ ಜಾಗವನ್ನು, ನೋಡಲು ಸರಿಯಾಗಿ ಕಂಡರೂ, ನಂಬದೆ ಮತ್ತೆ ಒರೆಸುವುದು ಅಥವಾ ಉಳಿದದ್ದನ್ನು ಬೇರೆಡೆ ಬರೆದು ಗಟ್ಟಿ ಮಾಡುವುದು. ಇದರ ತದ್ವಿರುದ್ಧ ನಡೆ 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನವರ ಕಣ್ಣಿಗೆ ಬಿತ್ತು. ಲಿನಕ್ಸ್‌ನಲ್ಲಿ ಎಫ್‌ಸಿಂಕ್ ಒಮ್ಮೆ ‘ಆಗಲಿಲ್ಲ’ ಎಂದ ಮೇಲೆ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ‘ಆಯ್ತು’ ಎನ್ನಬಹುದಿತ್ತು. ಬರಹ ಇಳಿಯಿತೆಂದಲ್ಲ, ಇಳಿಸಬೇಕಾದದ್ದರ ಪಟ್ಟಿಯಿಂದ ಅದನ್ನು ತೆಗೆದು ಹಾಕಿದ್ದರಿಂದ. ಬಾಕಿಯನ್ನು ಮರೆತವನು ಬಾಕಿಯಿಲ್ಲ ಎಂದಂತೆ. ಪೋಸ್ಟ್‌ಗ್ರೆಸ್ ಆಮೇಲೆ ಒಂದು ‘ಆಗಲಿಲ್ಲ’ ಕೇಳಿದ ಕೂಡಲೇ ತನ್ನನ್ನು ನಿಲ್ಲಿಸಿಕೊಂಡು, ಕಿರ್ದಿಯಿಂದ ಎಲ್ಲವನ್ನೂ ಮರಳಿ ಕಟ್ಟುವ ನಿಯಮ ಮಾಡಿಕೊಂಡಿತು.

ಕೊನೆಯ ಆಕ್ಷೇಪ: ಯಂತ್ರಕ್ಕೆ ಮನಸ್ಸಿಲ್ಲ, ಸುಳ್ಳು-ನಿಜ, ಮಾತು-ಸಾಲ ಎಂಬುದೆಲ್ಲ ಅಲಂಕಾರ, ಅಲಂಕಾರದ ಮೇಲೆ ನೀತಿ ಕಟ್ಟಬಹುದೇ? ಆಡುವವನಿಲ್ಲದ ಮಾತಿಗೆ ಪ್ರಾಮಾಣ್ಯ ಉಂಟೇ ಎಂಬ ಪ್ರಶ್ನೆಯನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಗಂಭೀರವಾಗಿ ಎತ್ತಿಕೊಂಡವರೂ ಮೀಮಾಂಸಕರೇ. ವೇದ ಅಪೌರುಷೇಯ, ಅದನ್ನು ಯಾರೂ ರಚಿಸಿಲ್ಲ, ಆದ್ದರಿಂದಲೇ ಅದರಲ್ಲಿ ವಂಚನೆಯ ದೋಷ ಸೇರಲು ದಾರಿಯಿಲ್ಲ ಎಂದು ಅವರು ವಾದಿಸಿದರು. ಯಂತ್ರದ ‘ಆಯ್ತು’ ಆಡುವ ಗಳಿಗೆಯಲ್ಲಿ ಹಾಗೇ ಕಾಣುತ್ತದೆ, ಆಡಿದವರು ಯಾರೂ ಇಲ್ಲ. ಆದರೆ ಅದು ಅಪೌರುಷೇಯವಲ್ಲ. 30 ಸೆಕೆಂಡು ಎಂದು ಗೊತ್ತುಮಾಡಿದ್ದು ಒಬ್ಬ ಮನುಷ್ಯ. ಕರೆಂಟು ಕಿತ್ತು ಪರೀಕ್ಷಿಸದೆ ಸಾಧನವನ್ನು ಮಾರಿದ್ದು ಇನ್ನೊಬ್ಬ. ನಾಲ್ಕಾಣೆಯ ಕೆಪಾಸಿಟರ್ ಹೆಚ್ಚು ಹಾಕಿದ್ದರೆ ಬಫರಿನಲ್ಲಿದ್ದದ್ದು ಇಳಿಯುವಷ್ಟು ಹೊತ್ತು ಕರೆಂಟು ಉಳಿಯುತ್ತಿತ್ತೆಂದು ತಿಳಿದೂ ಹಾಕದವನು ಮತ್ತೊಬ್ಬ. ಅವರ ‘ಆಯ್ತು’ಗಳು ಒಂದರ ಮೇಲೊಂದು ಕೂತು ಕೊನೆಗೆ ಯಂತ್ರದ ಬಾಯಲ್ಲಿ ಒಂದೇ ಪದವಾಗಿ ಹೊರಬರುತ್ತವೆ. ಪದರಗಳು ಹೆಚ್ಚಿದಷ್ಟೂ ಪ್ರತಿಯೊಬ್ಬನಿಗೂ ತನ್ನದು ಬರೀ ಒಪ್ಪಿಗೆಯ ‘ಆಯ್ತು’ ಎನ್ನುವ ಅವಕಾಶ ಹೆಚ್ಚುತ್ತದೆ, ಬಳಸುವವನ ಕಿವಿಗೆ ಮಾತ್ರ ಅದು ಮುಕ್ತಾಯದ್ದೆಂದೇ ಕೇಳಿಸುತ್ತದೆ. ಅರ್ಜಿ ಹಿಡಿದು ಕಚೇರಿಯ ಮೇಜಿನಿಂದ ಮೇಜಿಗೆ ಅಲೆಯುವವರಿಗೆ ಈ ವ್ಯಾಕರಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಯೂ ಪ್ರತಿ ಮೇಜಿನಲ್ಲಿ ‘ಆಯ್ತು’ ಎನ್ನುತ್ತಾರೆ, ಕಡತ ಮಾತ್ರ ಇನ್ನೂ ಜಗಲಿಯಲ್ಲೇ ಇರುತ್ತದೆ. ಒಳಮನೆಯಿಂದ ಕೂಗಿದ ‘ಬಂದೆ’ ಎಂಬ ಮಾತು ಯಾರನ್ನೂ ಮೋಸ ಮಾಡದಿರುವುದಕ್ಕೆ ಕಾರಣ ವ್ಯಾಕರಣದಲ್ಲಿಲ್ಲ. ಕೂಗಿದವರೂ ಕೇಳಿದವರೂ ಒಂದೇ ಮನೆಯಲ್ಲಿದ್ದಾರೆ, ಎರಡು ನಿಮಿಷ ತಡವಾದರೆ ಇನ್ನೊಮ್ಮೆ ಕೂಗಬಹುದು. ಆ ಎರಡನೆಯ ಕೂಗಿಗೆ ಜಾಗವಿಲ್ಲದ ಕಡೆಯಲ್ಲೆಲ್ಲ, ಯಂತ್ರವಿರಲಿ ಕಚೇರಿಯಿರಲಿ, ಒಪ್ಪಿಕೊಳ್ಳುವಾಗಲೇ ಕೇಳಿಟ್ಟುಕೊಳ್ಳಬೇಕು: ಯಾವ ‘ಆಯ್ತು’?